ವಿರುದ್ಧಪದಕ್ಕಿಂತ ಮೊದಲು ಅರ್ಥ: ಬೆಳಗಾವಿಯ ಮಕ್ಕಳೂ ಇಂಗ್ಲಿಷ್ ಶಬ್ದಗಳೂ

(ಬೆಳಗಾವಿಯ ರವಿವಾರ ಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇಂಗ್ಲಿಷ್ ಕಲಿಯುವ ಪ್ರತಿ ಮಗುವಿನ ನೋಟಬುಕ್ಕಿನಲ್ಲೂ ಒಂದು ಪಟ್ಟಿ ಇರುತ್ತದೆ. ಎಡಕ್ಕೆ ಒಂದು ಶಬ್ದ, ಬಲಕ್ಕೆ ಅದರ 'ಆಪೋಜಿಟ್'. ಹಾಟ್–ಕೋಲ್ಡ್, ಬಿಗ್–ಸ್ಮಾಲ್, ಓಲ್ಡ್–ನ್ಯೂ. ಒಂದನೆಯ ತರಗತಿಯಲ್ಲಿ ಆರಂಭವಾಗುವ ಈ ಪಟ್ಟಿ ನೌಕರಿಯ ಪರೀಕ್ಷೆಯವರೆಗೂ ಬೆನ್ನು ಬಿಡುವುದಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವೀಧರ ಮಟ್ಟದ ಮೊದಲ ಹಂತದ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 25 ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಳೆಯುತ್ತಾರೆ. ಸಮಾನಾರ್ಥಕ, ವಿರುದ್ಧಾರ್ಥಕ ಪದಗಳು ಅಲ್ಲಿ ತಪ್ಪದೆ ಬರುತ್ತವೆ. ಆದ್ದರಿಂದ ಮಕ್ಕಳು ಜೋಡಿಗಳನ್ನು ಬಾಯಿಪಾಠ ಮಾಡುತ್ತಾರೆ, ನಾವೂ ಮಾಡಿಸುತ್ತೇವೆ.

ನಾನು ಇಂದು ಹೇಳಬೇಕಾದದ್ದು ಒಂದೇ ಮಾತು. ವಿರುದ್ಧತೆ ಶಬ್ದಕ್ಕೆ ಅಂಟಿಕೊಂಡಿಲ್ಲ, ಶಬ್ದದ ಒಂದು ಅರ್ಥಕ್ಕೆ ಅಂಟಿಕೊಂಡಿದೆ. ಅರ್ಥ ಗೊತ್ತಾಗುವುದು ಶಬ್ದವನ್ನು ಬಳಸಿದ ಜಾಗದಲ್ಲಿ. ಇದನ್ನು ಮಕ್ಕಳಿಗೆ ಕಲಿಸಲು ಬೇಕಾದ ಸಾಮಗ್ರಿಯೆಲ್ಲ ನಮ್ಮ ಮನೆಮಾತಿನಲ್ಲಿ, ನಮ್ಮ ಪೇಟೆಯಲ್ಲಿ, ಖಾನಾಪುರ ತಾಲೂಕಿನ ಹೆಂಚಿನ ಭಟ್ಟಿಗಳಲ್ಲಿ ಆಗಲೇ ಇದೆ.

1. ಹಸಿ ಮತ್ತು ಹಾರ್ಡ್

ಮೊದಲು ನಮ್ಮದೇ ಒಂದು ಶಬ್ದವನ್ನು ನೋಡೋಣ: ಹಸಿ. ಇದರ ವಿರುದ್ಧಪದ ಯಾವುದು? ಕೇಳಿದ ಕೂಡಲೇ 'ಒಣ' ಎನ್ನುತ್ತೀರಿ. ಮೆಣಸಿನಕಾಯಿಯ ಅಂಗಡಿಯಲ್ಲಿ ಅದು ಸರಿ. ಹಸಿ ಮೆಣಸಿನಕಾಯಿ, ಒಣ ಮೆಣಸಿನಕಾಯಿ. ಅಡುಗೆಮನೆಗೆ ಹೋದರೆ ಹಸಿ ಕಾಯಿಪಲ್ಲೆಯ ಎದುರು ನಿಲ್ಲುವುದು ಬೇಯಿಸಿದ ಪಲ್ಲೆ. ಖಾನಾಪುರದ ಕಡೆ ಮಣ್ಣಿನ ಕೆಲಸ ಮಾಡುವವರನ್ನು ಕೇಳಿದರೆ, ಹಸಿ ಹೆಂಚಿಗೆ ಎದುರು ಸುಟ್ಟ ಹೆಂಚು. ಬಿಸಿಲಿನಲ್ಲಿ ಎಷ್ಟು ಒಣಗಿಸಿದರೂ ಭಟ್ಟಿಗೆ ಹೋಗುವ ತನಕ ಅದು ಹಸಿಯೇ. ಹಸಿ ಗಾಯಕ್ಕೆ ಮಾಯ್ದ ಗಾಯ. ಇನ್ನು ಹಸಿ ಸುಳ್ಳು ಎನ್ನುತ್ತೇವೆ, ಅದಕ್ಕೆ ಎದುರಾಗಿ 'ಒಣ ಸುಳ್ಳು' ಎಂಬುದು ಇಲ್ಲವೇ ಇಲ್ಲ. ಶಬ್ದ ಒಂದು, ಎದುರಾಳಿಗಳು ನಾಲ್ಕು, ಐದನೆಯ ಕಡೆ ಎದುರಾಳಿಯೇ ಇಲ್ಲ. ಈ ವ್ಯತ್ಯಾಸ ಕನ್ನಡದ ಮಗುವಿಗೆ ಯಾರೂ ಪಟ್ಟಿ ಬರೆಸದೆಯೇ ಬಂದಿದೆ.

ಇಂಗ್ಲಿಷಿನ 'ಹಾರ್ಡ್' ಕೂಡ ಹೀಗೆಯೇ. ಹಾರ್ಡ್ ಹಾಸಿಗೆಗೆ ಎದುರು ಸಾಫ್ಟ್, ಹಾರ್ಡ್ ಪ್ರಶ್ನೆಗೆ ಎದುರು ಈಜಿ. ಕೊಳವೆಬಾವಿಯ ಗಡಸು ನೀರನ್ನು ಹಾರ್ಡ್ ವಾಟರ್ ಎಂದರೆ ಎದುರು ಮತ್ತೆ ಸಾಫ್ಟ್, ಆದರೆ ಅಲ್ಲಿ ಮುಟ್ಟಿ ನೋಡುವ ಮೆತ್ತನೆತನದ ಮಾತಿಲ್ಲ, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಮಾತಿದೆ. ಹಾರ್ಡ್ ವರ್ಕರ್ ಎಂದರೆ ಕಷ್ಟಪಟ್ಟು ದುಡಿಯುವವ. ಅವನಿಗೆ ಎದುರಾಗಿ ಸಾಫ್ಟ್ ವರ್ಕರ್ ಇಲ್ಲ, ಲೇಜಿ ಮನುಷ್ಯ ಇದ್ದಾನೆ. 'ಓಲ್ಡ್' ಮನುಷ್ಯನಿಗೆ ಬಂದಾಗ ಎದುರು ಯಂಗ್, ಮನೆಗೆ ಬಂದಾಗ ನ್ಯೂ. ಕನ್ನಡದ ಮಗು ಹಳೆಯ ಮನೆ ಎನ್ನುತ್ತದೆ, ಮುದುಕ ಎನ್ನುತ್ತದೆ. ನಾವು ಎರಡು ಶಬ್ದಗಳಲ್ಲಿ ಹೇಳುವುದನ್ನು ಇಂಗ್ಲಿಷ್ ಒಂದರಲ್ಲಿ ಹೇಳುತ್ತದೆ. 'ಲೈಟ್' ಎಂಬುದಕ್ಕೆ ಹೆವಿ ಮತ್ತು ಡಾರ್ಕ್, 'ರೈಟ್' ಎಂಬುದಕ್ಕೆ ಲೆಫ್ಟ್ ಮತ್ತು ರಾಂಗ್. ಪಟ್ಟಿಯ ಬಲಗಡೆ ಒಂದೇ ಶಬ್ದ ಬರೆಸಿದಾಗ ಉಳಿದ ಅರ್ಥಗಳ ಬಾಗಿಲನ್ನು ನಾವೇ ಮುಚ್ಚಿದಂತಾಗುತ್ತದೆ.

2. ಪಟ್ಟಿ ಹುಟ್ಟಿದ ಬಗೆ

ಈ ಪಟ್ಟಿಗೂ ಒಂದು ಚರಿತ್ರೆ ಇದೆ. ಇಂಗ್ಲಿಷಿನಲ್ಲಿ ವಿರುದ್ಧಪದಕ್ಕೆ ಇರುವ 'ಆಂಟನಿಮ್' ಎಂಬ ಹೆಸರು ತೀರ ಹಳೆಯದಲ್ಲ. 1867ರಲ್ಲಿ ಚಾರ್ಲ್ಸ್ ಜಾನ್ ಸ್ಮಿತ್ ಎಂಬ ಪಾದ್ರಿ ಸಮಾನಪದ–ವಿರುದ್ಧಪದಗಳ ಕೋಶವನ್ನು ಪ್ರಕಟಿಸುವಾಗ, 'ಸಿನನಿಮ್' ಎಂಬ ಮಾದರಿಯ ಮೇಲೆ ಗ್ರೀಕ್ ತುಣುಕುಗಳಿಂದ ಕಟ್ಟಿದ ಈ ಹೆಸರನ್ನು ಬಳಸಿದರು. ಅದಕ್ಕೂ ಮೊದಲು, 1852ರಲ್ಲಿ, ಪೀಟರ್ ಮಾರ್ಕ್ ರೋಜೆ ತಮ್ಮ ಪ್ರಸಿದ್ಧ ಪದಕೋಶದಲ್ಲಿ ಪರಸ್ಪರ ಎದುರಾದ ವಿಚಾರಗಳನ್ನು ಅಕ್ಕಪಕ್ಕದ ಅಂಕಣಗಳಲ್ಲಿ ಇಟ್ಟಿದ್ದರು. ಅವರು ಎದುರುಬದುರು ಇಟ್ಟದ್ದು ವಿಚಾರಗಳನ್ನು, ಬಿಡಿ ಶಬ್ದಗಳನ್ನಲ್ಲ. ಆ ಕೋಶವನ್ನು ತೆರೆದವರಿಗೆ ಒಂದು ಅರ್ಥದ ಸುತ್ತ ಇರುವ ಇಡೀ ಬಳಗ, ಅದರ ಎದುರಿನ ಬಳಗ ಎರಡೂ ಸಿಗುತ್ತಿದ್ದವು.

1930ರಲ್ಲಿ ಸಿ.ಕೆ. ಆಗ್ಡನ್ 'ಬೇಸಿಕ್ ಇಂಗ್ಲಿಷ್' ಎಂಬ ಕಿರಿದಾದ ಇಂಗ್ಲಿಷನ್ನು ಮುಂದಿಟ್ಟರು. ಅದರಲ್ಲಿ ಒಟ್ಟು 850 ಶಬ್ದಗಳು. ಗುಣ ಹೇಳುವ ಶಬ್ದಗಳು 150; ಅವುಗಳಲ್ಲಿ 50ನ್ನು 'ಆಪೋಜಿಟ್ಸ್' ಎಂದೇ ಬೇರೆ ಪಟ್ಟಿ ಮಾಡಿದ್ದರು. ಕಡಿಮೆ ಶಬ್ದಗಳಲ್ಲಿ ಹೆಚ್ಚು ಹೇಳಬೇಕಾದವರಿಗೆ ಎದುರಾಳಿ ಜೋಡಿಗಳು ಎಷ್ಟು ಬೇಕಾಗುತ್ತವೆ ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಆದರೆ ನಮ್ಮ ದೇಶದ ತರಗತಿಯನ್ನು ಕಣ್ಣಾರೆ ಕಂಡು ಕೆಲಸ ಮಾಡಿದವರು ಮೈಕೆಲ್ ವೆಸ್ಟ್. ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಅವರು 1953ರಲ್ಲಿ ಸುಮಾರು 2000 ಶಬ್ದಗಳ ಪಟ್ಟಿಯೊಂದನ್ನು ಹೊರತಂದರು. ಅದರ ಹೆಚ್ಚುಗಾರಿಕೆ ಶಬ್ದಗಳ ಆಯ್ಕೆಯಲ್ಲಷ್ಟೇ ಇಲ್ಲ. ಒಂದೊಂದು ಶಬ್ದದ ಬೇರೆ ಬೇರೆ ಅರ್ಥಗಳನ್ನು ಬಿಡಿಸಿ, ಯಾವ ಅರ್ಥ ಶೇಕಡಾ ಎಷ್ಟು ಸಲ ಬಳಕೆಯಾಗುತ್ತದೆ ಎಂದು ತೋರಿಸಿದ್ದರು. ಶಿಕ್ಷಕರು ಮೊದಲು ಹೆಚ್ಚು ಬಳಕೆಯ ಅರ್ಥವನ್ನು ಕಲಿಸಲಿ, ಉಳಿದವುಗಳನ್ನು ಆಮೇಲೆ ಕಲಿಸಲಿ ಎಂಬುದು ಅದರ ಉದ್ದೇಶ. ಶಬ್ದವನ್ನು ಅರ್ಥ ಅರ್ಥವಾಗಿ ಬಿಡಿಸಿ ಕಲಿಸಬೇಕು ಎಂಬ ಈ ತಿಳಿವಳಿಕೆ ನಮ್ಮ ಗೈಡುಗಳಿಗೆ ಇನ್ನೂ ಇಳಿದಿಲ್ಲ.

3. ಪೇಟೆಯ ಮೂರು ಬಗೆಯ ಎದುರು

ವಿರುದ್ಧಪದಗಳೆಲ್ಲ ಒಂದೇ ಬಗೆಯವಲ್ಲ. ಭಾಷಾಶಾಸ್ತ್ರಜ್ಞರು ಅವುಗಳನ್ನು ಬಿಡಿಸಿ ನೋಡಿದ್ದಾರೆ. ನಾನು ರವಿವಾರ ಪೇಟೆಯ ವ್ಯವಹಾರದಿಂದಲೇ ಮೂರು ಬಗೆಗಳನ್ನು ಎತ್ತಿಕೊಳ್ಳುತ್ತೇನೆ.

ಮೊದಲನೆಯದು ಅಳತೆಯ ಎದುರು. ಧಾರಣೆಯಲ್ಲಿ ತೇಜಿ, ಮಂದಿ ಎನ್ನುತ್ತೇವೆ. ತೇಜಿ ಇಲ್ಲ ಎಂದ ಮಾತ್ರಕ್ಕೆ ಮಂದಿ ಇದೆ ಎಂದಾಗುವುದಿಲ್ಲ. ಧಾರಣೆ ಸ್ಥಿರವಾಗಿಯೂ ಇರಬಹುದು. ಬಿಸಿಗೂ ತಂಪಿಗೂ ನಡುವೆ ಬೆಚ್ಚಗೆ ಇದೆ, ಉಗುರುಬೆಚ್ಚಗೆ ಇದೆ. ಹಾಗೆಯೇ ಇಂಗ್ಲಿಷಿನಲ್ಲಿ ಹಾಟ್, ಕೋಲ್ಡ್ ನಡುವೆ ವಾರ್ಮ್, ಕೂಲ್. ಈ ಶಬ್ದಗಳಲ್ಲಿ ಯಾವಾಗಲೂ ಒಂದು ಹೋಲಿಕೆ ಅಡಗಿರುತ್ತದೆ ಎಂದು ಅಮೆರಿಕದ ಎಡ್ವರ್ಡ್ ಸಪೀರ್ ವಿವರಿಸಿದರು. ಅವರ ಆ ಪ್ರಬಂಧ ಅವರು ತೀರಿದ ಮೇಲೆ 1944ರಲ್ಲಿ ಅಚ್ಚಾಯಿತು. ಕಿರಾಣಿ ಅಂಗಡಿಯಲ್ಲಿ ಇದನ್ನು ತೋರಿಸುವುದು ಸುಲಭ: ಎಷ್ಟು ದೊಡ್ಡ ಏಲಕ್ಕಿಯಾದರೂ ಸಣ್ಣ ತೆಂಗಿನಕಾಯಿಗಿಂತ ಸಣ್ಣದೇ. ದೊಡ್ಡದು, ಸಣ್ಣದು ಎಂಬುದು ಯಾವ ಮಾಲಿನ ಮಾತು ಎಂಬುದರ ಮೇಲೆ ನಿಂತಿದೆ. ಇದನ್ನು ತಿಳಿದ ಮಗುವಿಗೆ 'ನಾಟ್ ರಿಚ್' ಎಂದರೆ 'ಪೂರ್' ಎಂದೇ ಅರ್ಥವಲ್ಲ, 'ನಾಟ್ ಹ್ಯಾಪಿ' ಎಂದರೆ 'ಅನ್‌ಹ್ಯಾಪಿ' ಎಂದೇ ಅರ್ಥವಲ್ಲ ಎಂಬುದು ತಾನಾಗಿ ಹೊಳೆಯುತ್ತದೆ. ಆದರೆ ಪಾಸ್–ಫೇಲ್, ಅಲೈವ್–ಡೆಡ್ ಇಂಥ ಜೋಡಿಗಳಲ್ಲಿ ನಡುವೆ ಜಾಗವಿಲ್ಲ. ಒಂದು ಇಲ್ಲವೆಂದರೆ ಇನ್ನೊಂದು ಇದ್ದೇ ಇದೆ. ಈ ಎರಡು ಗುಂಪುಗಳ ಭೇದವನ್ನು ಐದನೆಯ ತರಗತಿಯ ಮಗುವೂ ಹಿಡಿಯಬಲ್ಲದು.

ಎರಡನೆಯದು ವ್ಯವಹಾರದ ಎದುರು. ಕೊಳ್ಳುವುದು, ಮಾರುವುದು. ವ್ಯವಹಾರ ಒಂದೇ, ನಿಂತ ಜಾಗ ಬೇರೆ. 'ಬೈ' ಇಲ್ಲದೆ 'ಸೆಲ್' ಇಲ್ಲ. ಇಲ್ಲಿ ನಮ್ಮ ಮಕ್ಕಳು ಎಡವುವ ಒಂದು ಜಾಗವಿದೆ. ನಾವು ಕಡ ಕೊಡು, ಕಡ ತಗೋ ಎನ್ನುತ್ತೇವೆ. 'ಕಡ' ಎರಡೂ ಕಡೆ ಒಂದೇ, ದಿಕ್ಕನ್ನು ಹೇಳುವುದು ಕೊಡು, ತಗೋ ಎಂಬ ಕ್ರಿಯಾಪದಗಳು. ಇಂಗ್ಲಿಷಿನಲ್ಲಿ ದಿಕ್ಕಿಗೊಂದು ಶಬ್ದ: ಕೊಡುವವನದು 'ಲೆಂಡ್', ತೆಗೆದುಕೊಳ್ಳುವವನದು 'ಬಾರೋ'. ಆದ್ದರಿಂದಲೇ ಪೆನ್ನು ಕೇಳುವ ಹುಡುಗ 'ಬಾರೋ ಮಿ ಯುವರ್ ಪೆನ್' ಎಂದುಬಿಡುತ್ತಾನೆ. ಅವನ ತಲೆಯಲ್ಲಿ ಕನ್ನಡದ ಒಂದೇ 'ಕಡ' ಇದೆ. ಕಲಿ, ಕಲಿಸು ಎಂಬಲ್ಲಿಯೂ ನಮ್ಮದು ಒಂದೇ ಬೇರು, ಇಂಗ್ಲಿಷಿನಲ್ಲಿ ಲರ್ನ್ ಬೇರೆ, ಟೀಚ್ ಬೇರೆ. ತಪ್ಪಿನ ಮೇಲೆ ಕೆಂಪು ಗೆರೆ ಎಳೆಯುವ ಮೊದಲು, ಕನ್ನಡ ಹೇಗೆ ಹೇಳುತ್ತದೆ, ಇಂಗ್ಲಿಷ್ ಹೇಗೆ ಹೇಳುತ್ತದೆ ಎಂದು ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಪಕ್ಕಪಕ್ಕ ಬರೆದರೆ ಸಾಕು, ತಪ್ಪಿನ ಬೇರು ಕಾಣುತ್ತದೆ.

ಮೂರನೆಯದು ಹಿಂದಿರುಗಿಸುವ ಎದುರು. ನಮ್ಮ ಹಮಾಲ ಬಂಧುಗಳಿಗೆ 'ಲೋಡ್', 'ಅನ್‌ಲೋಡ್' ಚೆನ್ನಾಗಿ ಗೊತ್ತು. ಇಲ್ಲಿ 'ಅನ್' ಎಂದರೆ 'ಮಾಡದಿರುವುದು' ಎಂದಲ್ಲ. ಲಾರಿ ಅನ್‌ಲೋಡ್ ಮಾಡಿದರು ಎಂದರೆ ಹೇರಲಿಲ್ಲ ಎಂದರ್ಥವಲ್ಲ, ಹೇರಿದ್ದನ್ನು ಇಳಿಸಿದರು ಎಂದರ್ಥ. ಕಟ್ಟು–ಬಿಚ್ಚು, ಮುಚ್ಚು–ತೆರೆ ಎಂಬ ನಮ್ಮ ಜೋಡಿಗಳ ಕೆಲಸವನ್ನೇ ಇಂಗ್ಲಿಷ್ ಕ್ರಿಯಾಪದದ ಮುಂದಿನ 'ಅನ್' ಮಾಡುತ್ತದೆ: ಟೈ–ಅನ್‌ಟೈ, ಲಾಕ್–ಅನ್‌ಲಾಕ್. ಗುಣವಾಚಕದ ಮುಂದೆ ಬಂದ 'ಅನ್‌ಫೇರ್', 'ಅನ್‌ಕೈಂಡ್' ಬೇರೆ ಮಾತು. ಶಿಕ್ಷಕರು ಈ ಎರಡು 'ಅನ್'ಗಳನ್ನು ಬೇರೆ ಮಾಡಿ ತೋರಿಸಬೇಕು.

4. ಕ್ರೆಡಿಟ್ ಎಂಬ ಒಂದು ಶಬ್ದ

ಈ ಪೇಟೆಯಲ್ಲಿ ದಿನಕ್ಕೆ ನೂರಾರು ಸಲ ಓಡಾಡುವ 'ಕ್ರೆಡಿಟ್' ಎಂಬ ಶಬ್ದದ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಅಂಗಡಿಯಲ್ಲಿ ಕ್ರೆಡಿಟ್ ಎಂದರೆ ಉದ್ರಿ. ಅದರ ಎದುರು ಕ್ಯಾಶ್, ಅಂದರೆ ರೋಖ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎಂದರೆ ಜಮಾ. ಅದರ ಎದುರು ಡೆಬಿಟ್. ಉದ್ರಿ ಎಂದರೆ ಹಣ ಇನ್ನೂ ಬಂದಿಲ್ಲ ಎಂದು, ಜಮಾ ಎಂದರೆ ಹಣ ಬಂದಿದೆ ಎಂದು. ಒಂದೇ ಶಬ್ದ ಇಷ್ಟು ದೂರದ ಎರಡು ಸಂಗತಿಗಳನ್ನು ಹೇಗೆ ಹೇಳುತ್ತದೆ?

ಉತ್ತರ ಶಬ್ದದ ಮೂಲದಲ್ಲಿದೆ. ಲ್ಯಾಟಿನ್ನಿನಲ್ಲಿ ಅದರ ಮೂಲ ನಂಬುವುದು ಎಂಬ ಅರ್ಥದ ಕ್ರಿಯಾಪದ. ಅಂಗಡಿಯವರು ಗಿರಾಕಿಯನ್ನು ನಂಬಿ ಮಾಲು ಕೊಡುತ್ತಾರೆ, ಅದು ಉದ್ರಿ. ಖಾತೆದಾರ ಬ್ಯಾಂಕನ್ನು ನಂಬಿ ಹಣ ಇಡುತ್ತಾನೆ. ಆ ಹಣ ಬ್ಯಾಂಕು ಅವನಿಗೆ ಕೊಡಬೇಕಾದ ಬಾಕಿ, ಆದ್ದರಿಂದ ಬ್ಯಾಂಕಿನ ಪುಸ್ತಕದಲ್ಲಿ ಅದು ಅವನ ಹೆಸರಿಗೆ ಕ್ರೆಡಿಟ್. ಅದೇ ಹಣವನ್ನು ವ್ಯಾಪಾರಿ ತನ್ನ ಪುಸ್ತಕದಲ್ಲಿ ಜೋಡಿನಮೂದು ಪದ್ಧತಿಯಲ್ಲಿ ಬರೆದುಕೊಂಡರೆ ಬ್ಯಾಂಕಿನ ಖಾತೆಗೆ ಡೆಬಿಟ್ ಆಗುತ್ತದೆ. ಯಾರ ಪುಸ್ತಕ ಎಂಬುದು ಗೊತ್ತಾಗದೆ ಇಲ್ಲಿ ವಿರುದ್ಧಪದ ಹೇಳಲು ಬರುವುದಿಲ್ಲ. ವಾಣಿಜ್ಯ ಓದುವ ಪಿಯುಸಿ ಮಕ್ಕಳು ಡೆಬಿಟ್, ಕ್ರೆಡಿಟ್ ಎಂದರೆ ಹೆದರುತ್ತಾರೆ. ಲೆಕ್ಕ ಕಠಿಣವೆಂದು ಅವರು ತಿಳಿದಿದ್ದಾರೆ. ವಾಸ್ತವದಲ್ಲಿ ಶಬ್ದದ ಎರಡು ಅರ್ಥಗಳನ್ನು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ. ಪೇಟೆಯ ಒಬ್ಬ ಹಿರಿಯ ಗುಮಾಸ್ತರು ಕೀರ್ದಿ ಪುಸ್ತಕ ತೆರೆದು ಒಂದು ತಾಸು ಕುಳಿತರೆ ಈ ಹೆದರಿಕೆ ಹೋಗುತ್ತದೆ.

5. ಇಲ್ಲ, ಅಲ್ಲ, ಮತ್ತು 'ಇನ್'

ನಿಷೇಧವನ್ನು ಹೇಳುವ ಬಗೆಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ದೊಡ್ಡ ಅಂತರವಿದೆ. ಇಂಗ್ಲಿಷಿನ 'ನಾಟ್' ಒಂದೇ. ನಮ್ಮಲ್ಲಿ ಇಲ್ಲ ಬೇರೆ, ಅಲ್ಲ ಬೇರೆ. 'ಅವರು ಶಿಕ್ಷಕರಲ್ಲ' ಎಂಬುದಕ್ಕೂ 'ಅಲ್ಲಿ ಶಿಕ್ಷಕರಿಲ್ಲ' ಎಂಬುದಕ್ಕೂ ಎಷ್ಟು ವ್ಯತ್ಯಾಸ! ಬೇಡ ಇದೆ, ಒಲ್ಲೆ ಇದೆ. ಅಚ್ಚಗನ್ನಡ ಶಬ್ದದ ಮುಂದೆ ಏನನ್ನೋ ಅಂಟಿಸಿ ನಿಷೇಧ ಮಾಡುವ ರೂಢಿ ನಮಗಿಲ್ಲ. ಅಮೂಲ್ಯ, ಅನ್ಯಾಯ, ನಿರ್ಭಯ ಇವೆಲ್ಲ ಸಂಸ್ಕೃತದಿಂದ ಬಂದ ಕಟ್ಟಡಗಳು. ಹೀಗಾಗಿ ಇಂಗ್ಲಿಷಿನ 'ಇನ್', 'ಡಿಸ್', 'ನಾನ್' ಎಂಬ ಪೂರ್ವಪ್ರತ್ಯಯಗಳನ್ನು ನಮ್ಮ ಮಕ್ಕಳು ಹೊಸದಾಗಿಯೇ ಕಲಿಯಬೇಕು. ಕಲಿತ ಮೇಲೆ ಎಲ್ಲ ಕಡೆ ಅವು ವಿರುದ್ಧಾರ್ಥವನ್ನೇ ಕೊಡುತ್ತವೆ ಎಂದು ನಂಬಿಬಿಡುತ್ತಾರೆ. ಆಗ 'ಇನ್‌ವ್ಯಾಲ್ಯುಯೆಬಲ್' ಎಂದರೆ ಬೆಲೆಯಿಲ್ಲದ್ದು ಎಂದುಕೊಳ್ಳುತ್ತಾರೆ. ಅದರ ಅರ್ಥ ಬೆಲೆ ಕಟ್ಟಲಾಗದ್ದು. ನಮ್ಮ 'ಅಮೂಲ್ಯ'ವೂ ಅದೇ ಬಗೆಯದು. ಇದನ್ನು ಹೇಳಿಬಿಟ್ಟರೆ ಮಗು ಮತ್ತೆ ತಪ್ಪುವುದಿಲ್ಲ. 'ಪ್ರೈಸ್‌ಲೆಸ್', 'ವರ್ತ್‌ಲೆಸ್' ಇವುಗಳ ವ್ಯತ್ಯಾಸವೂ ಬೆಲೆ ಕಟ್ಟಲಾಗದ, ಬೆಲೆಯೇ ಇಲ್ಲದ ಎಂಬ ಎರಡು ಕನ್ನಡ ಮಾತುಗಳಲ್ಲಿ ತಿಳಿಯಾಗುತ್ತದೆ.

ಕೆಲವು ಕಡೆ ಈ ತಪ್ಪು ಪ್ರಾಣಕ್ಕೆ ಬರುತ್ತದೆ. ಪೆಟ್ರೋಲ್ ಟ್ಯಾಂಕರಿನ ಹಿಂದೆ 'ಹೈಲಿ ಇನ್‌ಫ್ಲೇಮೆಬಲ್' ಎಂದು ಬರೆದಿರುತ್ತಾರೆ. ಅಲ್ಲಿಯ 'ಇನ್' ನಿಷೇಧದ್ದಲ್ಲ. ಹೊತ್ತಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದ ಭಾಗ. ಬೇಗ ಬೆಂಕಿ ಹತ್ತುವಂಥದ್ದು ಎಂದೇ ಅದರ ಅರ್ಥ, 'ಫ್ಲೇಮೆಬಲ್' ಎಂದರೂ ಅದೇ. ಜನ ತಪ್ಪು ತಿಳಿಯುವರೆಂಬ ಆತಂಕದಿಂದಲೇ ಅಮೆರಿಕದ ಅಗ್ನಿಸುರಕ್ಷಾ ಸಂಘದವರು 1920ರ ದಶಕದಿಂದ 'ಫ್ಲೇಮೆಬಲ್' ಎಂದು ಬರೆಯಿರಿ ಎಂದು ಒತ್ತಾಯಿಸಿದರು. ಇನ್ನು ಪ್ರಯೋಗಾಲಯದ ವರದಿಯಲ್ಲಿ 'ನೆಗೆಟಿವ್' ಎಂದು ಬಂದಾಗ ರೋಗದ ಗುರುತು ಸಿಕ್ಕಿಲ್ಲ ಎಂದರ್ಥ. ಸಾಮಾನ್ಯ ಮಾತಿನಲ್ಲಿ ಕೆಟ್ಟದ್ದನ್ನು ಹೇಳುವ ಆ ಶಬ್ದ ಅಲ್ಲಿ ನೆಮ್ಮದಿಯ ಸುದ್ದಿ. ಅರ್ಜಿಯಲ್ಲಿ 'ಮ್ಯಾರಿಡ್, ಅನ್‌ಮ್ಯಾರಿಡ್' ಎಂದು ಕೊಟ್ಟು, ಅನ್ವಯಿಸದ್ದನ್ನು ಹೊಡೆದುಹಾಕಿ ಎಂದು ಇಂಗ್ಲಿಷಿನಲ್ಲಿ ಸೂಚಿಸಿರುತ್ತಾರೆ. ಆ ಸೂಚನೆಯ ಒಂದು 'ನಾಟ್' ಕಣ್ಣಿಗೆ ಬೀಳದಿದ್ದರೆ ಅರ್ಜಿ ಉಲ್ಟಾ ಆಗುತ್ತದೆ.

ಇನ್ನೊಂದು ತೊಡಕು ನಿಷೇಧದ ಪ್ರಶ್ನೆಗೆ ಉತ್ತರ ಕೊಡುವುದು. 'ನಿನ್ನೆ ಅಂಗಡಿ ತಗದಿರಲಿಲ್ಲೇನ್ರೀ?' ಎಂದು ಕೇಳಿದರೆ ನಾವು 'ಹೌದ್ರೀ, ತಗದಿರಲಿಲ್ಲ' ಎನ್ನುತ್ತೇವೆ. ಕೇಳಿದವರ ಮಾತು ಸರಿ ಎಂದು ಒಪ್ಪುವುದು ನಮ್ಮ ಹೌದು. ಇಂಗ್ಲಿಷಿನಲ್ಲಿ ಇದಕ್ಕೆ ಉತ್ತರ 'ನೋ' ಎಂದೇ ಆರಂಭವಾಗಬೇಕು, ಏಕೆಂದರೆ ಅಲ್ಲಿ ಯೆಸ್, ನೋ ನಡೆದ ಸಂಗತಿಯನ್ನು ಹೇಳುತ್ತವೆ. ಸಂದರ್ಶನದಲ್ಲಿ ಕುಳಿತ ನಮ್ಮ ಹುಡುಗಿ 'ಯೆಸ್' ಎಂದಾಗ ಎದುರಿಗಿದ್ದವರು ಉಲ್ಟಾ ತಿಳಿಯುತ್ತಾರೆ. ಅವಳ ಬುದ್ಧಿಯಲ್ಲಿ ಕೊರತೆಯಿಲ್ಲ. ಎರಡು ಭಾಷೆಗಳ ರೂಢಿಯನ್ನು ಎದುರುಬದುರು ಇಟ್ಟು ತೋರಿಸುವ ಕೆಲಸ ನಮ್ಮಿಂದ ಆಗಿಲ್ಲ.

6. ಈ ನೆಲದಲ್ಲಿ ಈ ಕೆಲಸ ಮಾಡಿದವರು

ಎರಡು ಭಾಷೆಗಳನ್ನು ಎದುರುಬದುರು ಇಟ್ಟು ನೋಡುವುದು ಬೆಳಗಾವಿಗೆ ಹೊಸದಲ್ಲ. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ಕೋಶ 1824ರಲ್ಲಿ, ಮೋಲ್ಸ್‌ವರ್ಥ್ ಅವರ ಮರಾಠಿ–ಇಂಗ್ಲಿಷ್ ಕೋಶ 1831ರಲ್ಲಿ, ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ಕೋಶ 1894ರಲ್ಲಿ ಹೊರಬಂದವು. ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಕೇಳುವ ನಮ್ಮ ಊರಿಗೆ ಈ ಎರಡೂ ಪರಂಪರೆಗಳು ಸೇರಿದ್ದು. 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಇಲ್ಲಿ ಕಟ್ಟಿದಾಗ ಅವರು ಮೊದಲು ತೆರೆದದ್ದು ಆಂಗ್ಲೋ–ವರ್ನಾಕ್ಯುಲರ್ ಶಾಲೆ. ಇಂಗ್ಲಿಷೂ ದೇಶಭಾಷೆಯೂ ಜೊತೆಜೊತೆಗೆ. ಆ ಏಳು ಜನರಲ್ಲಿ ಒಬ್ಬರಾದ ಶಿ.ಶಿ. ಬಸವನಾಳರು ಕೆ.ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಸೇರಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು 1940ರಲ್ಲಿ ಪ್ರಕಟಿಸಿದರು.

1950ರ ದಶಕದಲ್ಲಿ ನಮ್ಮ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಅವರು ಮುಂದೆ 1973ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ಎಂಬ ವಚನಾನುವಾದದ ಮುನ್ನುಡಿಯಲ್ಲಿ ಒಂದು ವಿರುದ್ಧ ಜೋಡಿಯನ್ನೇ ಹಿಡಿದು ವಿಚಾರ ಮಾಡಿದ್ದಾರೆ: ಸ್ಥಾವರ ಮತ್ತು ಜಂಗಮ. ಸ್ಥಾವರದ ಧಾತು ಇಂಗ್ಲಿಷಿನ ಸ್ಟ್ಯಾಂಡ್, ಸ್ಟೇಟ್, ಸ್ಟ್ಯಾಟಿಕ್, ಸ್ಟೇಟಸ್ ಎಂಬ ಶಬ್ದಗಳಲ್ಲೂ ಇದೆ ಎಂದು ತೋರಿಸಿದ್ದಾರೆ. ಇದೇ ಜೋಡಿ ನಮ್ಮ ಖರೀದಿಪತ್ರಗಳಲ್ಲಿ, ಮರಾಠಿಯ ದಸ್ತಾವೇಜುಗಳಲ್ಲಿಯೂ ಇದೆ: ಸ್ಥಾವರ, ಜಂಗಮ ಆಸ್ತಿ, ಇಂಗ್ಲಿಷಿನಲ್ಲಿ ಇಮ್ಮೂವೆಬಲ್, ಮೂವೆಬಲ್. ಪತ್ರದಲ್ಲಿ ಸ್ಥಾವರಕ್ಕೆ ಹೆಚ್ಚು ಬೆಲೆ, ಏಕೆಂದರೆ ಹೊಲಮನೆಗಳನ್ನು ಯಾರೂ ಹೊತ್ತೊಯ್ಯಲಾರರು. ಬಸವಣ್ಣನವರ ವಿಚಾರದಲ್ಲಿ ಉಳಿಯುವುದು ಜಂಗಮ, ಅಳಿಯುವುದು ಸ್ಥಾವರ. ಜೋಡಿ ಒಂದೇ ಆದರೂ ಎರಡು ಸಂದರ್ಭಗಳಲ್ಲಿ ಅದರ ಬೆಲೆ ತಿರುವುಮುರುವಾಗುತ್ತದೆ. ಶಬ್ದಾರ್ಥದ ಪಾಠಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾನು ಕಂಡಿಲ್ಲ.

ನಮ್ಮ ಕಾಲದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. 1913ರಲ್ಲಿ ಹುಟ್ಟಿ 2021ರವರೆಗೆ ಬಾಳಿದ ಆ ಹಿರಿಯರು ಶಬ್ದದ ಬಗ್ಗೆ ಯಾರು ಕೇಳಿದರೂ ಅದಕ್ಕೆ ಗೌರವ ಕೊಟ್ಟರು. ಕೇಳುವ ಮಗುವಿಗೆ ಅಂಥದ್ದೇ ಗೌರವ ನಮ್ಮ ತರಗತಿಯಲ್ಲಿ ಸಿಗಬೇಕು.

7. ಮಾಡಬೇಕಾದದ್ದು

ಶಿಕ್ಷಕರಲ್ಲಿ ನನ್ನ ಬಿನ್ನಹಗಳು ಇವು. ಮೊದಲನೆಯದಾಗಿ, ವಿರುದ್ಧಪದವನ್ನು ಬಿಡಿಯಾಗಿ ಕೇಳಬೇಡಿ, ವಾಕ್ಯದಲ್ಲಿ ಕೇಳಿ. ಹಾರ್ಡ್ ಎಂಬುದಕ್ಕೆ ನಾಲ್ಕು ವಾಕ್ಯ ಕೊಟ್ಟು ನಾಲ್ಕು ಉತ್ತರ ಬರೆಸಿ. ಸ್ಪರ್ಧಾ ಪರೀಕ್ಷೆಯಲ್ಲಿ ಶಬ್ದ ಬಿಡಿಯಾಗಿ ಬಂದರೂ, ಅರ್ಥಗಳನ್ನು ಬಲ್ಲ ವಿದ್ಯಾರ್ಥಿ ಕೊಟ್ಟ ನಾಲ್ಕು ಆಯ್ಕೆಗಳನ್ನು ನೋಡಿ ಯಾವ ಅರ್ಥವನ್ನು ಕೇಳಿದ್ದಾರೆಂದು ಗುರುತಿಸುತ್ತಾನೆ.

ಎರಡನೆಯದಾಗಿ, ಮನೆಮಾತನ್ನು ಇಂಗ್ಲಿಷ್ ತಾಸಿನಿಂದ ಹೊರಗೆ ಇಡಬೇಡಿ. ಖಾನಾಪುರದ ಒಂದು ತರಗತಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಮನೆಮಾತಿನ ಮಕ್ಕಳು ಜೊತೆಗೆ ಕುಳಿತಿರಬಹುದು. 'ಬಾರೋ, ಲೆಂಡ್' ಕಲಿಸುವಾಗ ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿ. ಪ್ರತಿಯೊಂದು ಭಾಷೆಯೂ ಅರ್ಥವನ್ನು ತನ್ನದೇ ರೀತಿಯಲ್ಲಿ ಹಂಚಿಕೊಂಡಿದೆ ಎಂಬುದನ್ನು ಆ ಮಕ್ಕಳು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಪಕ್ಕದವರ ಭಾಷೆಯ ಬಗ್ಗೆ ಅವರಿಗೆ ಆದರವೂ ಹುಟ್ಟುತ್ತದೆ. ಈ ಗಡಿನಾಡಿಗೆ ಅದು ಬಹಳ ಅಗತ್ಯ.

ಮೂರನೆಯದಾಗಿ, ಮಕ್ಕಳನ್ನು 'ಪೇಟೆಯ ಪದಪುಸ್ತಕ' ಬರೆಯಲು ಹಚ್ಚಿ. ಫಲಕ, ಚೀಟಿ, ಔಷಧದ ಡಬ್ಬಿ, ಬಿಲ್ಲು, ಟ್ಯಾಂಕರಿನ ಹಿಂಬದಿ, ಎಲ್ಲಿಯಾದರೂ ಸರಿ, ಕಂಡ ಇಂಗ್ಲಿಷ್ ಶಬ್ದವನ್ನು ಬರೆದುಕೊಳ್ಳಲಿ. ಪಕ್ಕದಲ್ಲಿ, ಅದು ಅಲ್ಲಿ ಯಾವ ಅರ್ಥದಲ್ಲಿದೆ, ಆ ಅರ್ಥಕ್ಕೆ ಎದುರು ಯಾವುದು, ನಮ್ಮ ಮಾತಿನಲ್ಲಿ ಏನೆನ್ನುತ್ತೇವೆ ಎಂಬ ಮೂರು ಸಂಗತಿಗಳನ್ನು ಬರೆಯಲಿ. ವ್ಯಾಪಾರಸ್ಥರು ಅಂಗಡಿಗೆ ಬಂದ ಮಕ್ಕಳಿಗೆ ನಾಲ್ಕು ನಿಮಿಷ ಕೊಟ್ಟು ತಮ್ಮ ವ್ಯವಹಾರದ ಶಬ್ದಗಳನ್ನು ಹೇಳಿಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.

ಈ ದತ್ತಿಯನ್ನು ಇಟ್ಟ ಕುಟುಂಬದವರಲ್ಲೂ ಒಂದು ಕೋರಿಕೆ. ರಾಜ್ಯದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಕಲಿಸಲು ತೊಡಗಿದ್ದು 2007–08ರಲ್ಲಿ. ಭಾಷೆ ತರಗತಿಗೆ ಬಂದಿದೆ, ನಿಘಂಟು ಮಕ್ಕಳ ಕೈಗೆ ಬರಬೇಕು. ಈ ದತ್ತಿಯ ಬಡ್ಡಿಯಲ್ಲಿ ಪ್ರತಿ ವರ್ಷ ಕೆಲವು ಶಾಲೆಗಳಿಗೆ ಇಂಗ್ಲಿಷ್–ಕನ್ನಡ, ಇಂಗ್ಲಿಷ್–ಮರಾಠಿ ನಿಘಂಟುಗಳನ್ನು ಕೊಡಿ. ಅವು ಮುಖ್ಯಾಧ್ಯಾಪಕರ ಕಪಾಟಿನಲ್ಲಿ ಬೀಗದೊಳಗೆ ಇರದೆ ತರಗತಿಯ ಕಿಟಕಿಯ ಮೇಲೆ ಇರಲಿ, ಮಕ್ಕಳು ಮುಟ್ಟಿ ಮುಟ್ಟಿ ಹಾಳೆ ಮಾಸಲಿ. ಮುಂದಿನ ವರ್ಷದ ಉಪನ್ಯಾಸದ ದಿನ ಇದೇ ವೇದಿಕೆಯ ಮೇಲೆ ಮಕ್ಕಳು ತಮ್ಮ ಪೇಟೆಯ ಪದಪುಸ್ತಕಗಳನ್ನು ಓದಲಿ, ನಾವು ಹಿರಿಯರು ಕೆಳಗೆ ಕುಳಿತು ಕೇಳೋಣ.